ನಾಲ್ಕೂವರೆಯ ಡಬ್ಬಿ

ಸಂಜೆ ನಾಲ್ಕೂವರೆಗೆ ಶಾಲೆಯ ವ್ಯಾನು ನಮ್ಮ ಓಣಿಯ ತುದಿಗೆ ಬಂದು ನಿಲ್ಲುತ್ತದೆ. ಮಕ್ಕಳಿಬ್ಬರೂ ಬೆನ್ನ ಮೇಲಿನ ಚೀಲ ಇಳಿಸುವ ಮೊದಲೇ ಅಡುಗೆಮನೆಯ ಕಪಾಟು ತೆಗೆಯುತ್ತಾರೆ. ನಾನು ಬ್ಯಾಂಕಿನಿಂದ ಮನೆ ಮುಟ್ಟುವುದು ಆರೂವರೆಗೆ. ನಡುವಿನ ಈ ಎರಡು ಗಂಟೆಯ ಹಸಿವಿಗೆ ಊಟದ ಹೊತ್ತಿನ ಹಸಿವಿಗಿಂತ ಅವಸರ ಹೆಚ್ಚು. ಕೈಗೆ ಸಿಕ್ಕಿದ್ದು ಹೊಟ್ಟೆಗೆ. ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವಿಲ್ಲ. ಅತ್ತೆ ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟ ದಿನ ಚಿಂತೆಯಿಲ್ಲ. ಅವರ ಮಂಡಿನೋವು ಹೆಚ್ಚಾದ ದಿನ ಮಾತ್ರ ಬಿಸ್ಕತ್ತಿನ ಪೊಟ್ಟಣ ಸಂಜೆಯೊಳಗೆ ಖಾಲಿ.

ಎರಡು ವರ್ಷದ ಹಿಂದೆ ಸೂಪರ್ ಮಾರ್ಕೆಟಿನಿಂದ ಗ್ರನೋಲಾದ ಪೊಟ್ಟಣವೊಂದನ್ನು ತಂದೆ. ಓಟ್ಸ್, ಬಾದಾಮಿ, ಬೀಜಗಳ ಚಿತ್ರ. ಮೇಲೆ ದಪ್ಪ ಅಕ್ಷರದಲ್ಲಿ ಆರೋಗ್ಯದ ಮಾತು. ಮಕ್ಕಳು ಮುಗಿಬಿದ್ದು ತಿಂದರು, ನನಗೂ ಸಮಾಧಾನವಾಯಿತು. ಆಗ ಏಳನೇ ತರಗತಿಯಲ್ಲಿದ್ದ ಮಗಳು ಒಂದು ದಿನ ಪೊಟ್ಟಣದ ಬೆನ್ನು ಓದುತ್ತಾ, "ಅಮ್ಮಾ, ಇದರಲ್ಲಿ ಓಟ್ಸ್ ಆದಮೇಲೆ ಸಕ್ಕರೇನೇ ಇದೆಯಲ್ಲ!" ಎಂದಳು. ನಾನೂ ಓದಿದೆ. ಪೊಟ್ಟಣದ ಮೇಲೆ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಮ್ಮ ದೇಶದ ನಿಯಮ. ಅಂದರೆ ಬಾದಾಮಿಗಿಂತ, ಬೀಜಗಳಿಗಿಂತ ಸಕ್ಕರೆಯೇ ಹೆಚ್ಚಿತ್ತು. ಮುಂದೆ ಜೇನು, ಅದರ ಮುಂದೆ ಗ್ಲೂಕೋಸ್ ಸಿರಪ್. ಒಂದೇ ಸಿಹಿ ಮೂರು ಹೆಸರು ಹೊತ್ತು ಮೂರು ಕಡೆ ಕುಳಿತಿತ್ತು. ಅಂಥ ಪೊಟ್ಟಣ ಕೊಳ್ಳುವವರು ಚಿತ್ರ ನೋಡುವ ಮೊದಲು ಈ ಸಾಲನ್ನು ಓದಬೇಕೆಂದು ನಾನು ಕಂಡವರಿಗೆಲ್ಲ ಹೇಳುವುದು ಅಂದಿನಿಂದ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ಆಹಾರಕ್ಕೆ ನಾವು ಹೊರಗಿನಿಂದ ಸೇರಿಸುವ ಸಿಹಿಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ರೊಳಗಿರಬೇಕು. ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ ಈ ಶೇ 5 ಎಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ. ಕಡಿಮೆ ಉಣ್ಣುವ ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಜೇನು, ಸಿರಪ್‌ಗಳೂ ಈ ಲೆಕ್ಕದೊಳಗೇ. ಬೆಲ್ಲವನ್ನೂ ನಾನು ಅದರಲ್ಲೇ ಸೇರಿಸುತ್ತೇನೆ. ಬೆಲ್ಲಕ್ಕೆ ಪರಿಮಳವಿದೆ, ಒಂದಿಷ್ಟು ಖನಿಜಾಂಶವಿದೆ, ಆದರೂ ದೇಹದ ಮಟ್ಟಿಗೆ ಅದು ಸಕ್ಕರೆಯೇ.

ಗ್ರನೋಲಾ ಹುಟ್ಟಿದಾಗ ಅದರಲ್ಲಿ ಈ ಸಿಹಿ ಇರಲಿಲ್ಲ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಜಲಚಿಕಿತ್ಸೆಯ ಆರೋಗ್ಯಧಾಮ ನಡೆಸುತ್ತಿದ್ದ ಜೇಮ್ಸ್ ಕೇಲಬ್ ಜಾಕ್ಸನ್ 1863ರಲ್ಲಿ ತೌಡುಸಹಿತ ಗೋಧಿಹಿಟ್ಟನ್ನು ಹಾಳೆಯಂತೆ ಬೇಯಿಸಿ, ಒಡೆದು, ಮತ್ತೆ ಬೇಯಿಸಿ ಗಟ್ಟಿ ಕಾಳಿನಂಥ ಒಂದು ತಿನಿಸು ಮಾಡಿದರು. ಹೆಸರು ಗ್ರಾನ್ಯುಲಾ. ರಾತ್ರಿಯಿಡೀ ಹಾಲಿನಲ್ಲಿ ನೆನೆಹಾಕದೆ ಅದನ್ನು ಜಗಿಯಲು ಆಗುತ್ತಿರಲಿಲ್ಲ. ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಡಾ. ಜಾನ್ ಹಾರ್ವಿ ಕೆಲಾಗ್ ಅದೇ ಬಗೆಯದನ್ನು ಗೋಧಿ, ಓಟ್ಸ್, ಮೆಕ್ಕೆಜೋಳದಿಂದ ಮಾಡಿ ಅದೇ ಹೆಸರಿಟ್ಟರು. ತಕರಾರು ಬಂದಮೇಲೆ ಅದು ಗ್ರನೋಲಾ ಆಯಿತು. ನಾವು ಇಂದು ತಿನ್ನುವ, ಎಣ್ಣೆ, ಜೇನು, ಬೀಜಗಳ ಗ್ರನೋಲಾ ಮನೆಮಾತಾದದ್ದು 1960ರ ದಶಕದಲ್ಲಿ, ಕಾರ್ಖಾನೆಯ ತಿಂಡಿ ಬೇಡವೆಂದ ಅಮೆರಿಕದ ಯುವಜನರಿಂದ. ಎಪ್ಪತ್ತರ ದಶಕದಲ್ಲಿ ದೊಡ್ಡ ಕಂಪನಿಗಳು ಅದನ್ನೇ ಪೊಟ್ಟಣಕ್ಕೆ ತುಂಬತೊಡಗಿದವು.

ಓಟ್ಸ್ ನಮ್ಮ ನೆಲದ ಊಟವಲ್ಲ. ಆದರೆ ಹುರಿದ ಕಾಳಿಗೆ ಸಿಹಿ ಸೇರಿಸಿ ಡಬ್ಬಿ ತುಂಬುವುದು ನಮಗೆ ಹೊಸದೇ? ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಶೇಂಗಾ, ಪುಟಾಣಿ, ಕೊಬ್ಬರಿ, ಬೆಲ್ಲ ಎಲ್ಲ ಇವೆ. ಒಂದೊಂದನ್ನೂ ಬೇರೆ ಬೇರೆಯಾಗಿ ಹದವಾಗಿ ಹುರಿದು ಕಲಸುವ ಆ ಕ್ರಮ ಅತ್ತೆಯ ಕೈಯಲ್ಲಿ ಐವತ್ತು ವರ್ಷದಿಂದ ಇದೆ. ಇದು ನನಗೆ ಹೊಳೆದದ್ದು ಪೊಟ್ಟಣ ಬಿಟ್ಟು ಮನೆಯಲ್ಲೇ ಮಾಡಿದ ಮೊದಲ ಗ್ರನೋಲಾ ಕೆಟ್ಟಮೇಲೆ.

ಅದನ್ನು ಮಾಡಿದ ಭಾನುವಾರ ಓಟಿಜಿ ಎಂಬ ವಿದ್ಯುತ್ ಒಲೆಯನ್ನು 180 ಡಿಗ್ರಿಗೆ ಇಟ್ಟಿದ್ದೆ. ಓಟ್ಸ್‌ಗೆ ಜೇನು, ಎಣ್ಣೆ, ಬಾದಾಮಿ, ದ್ರಾಕ್ಷಿ ಎಲ್ಲ ಒಟ್ಟಿಗೇ ಬೆರೆಸಿದ್ದೆ. ಇಪ್ಪತ್ತು ನಿಮಿಷಕ್ಕೆ ಅಂಚು ಕಪ್ಪಾಗಿ ಮನೆ ತುಂಬ ಕಮಟು ವಾಸನೆ. ನಡುವಿನ ಓಟ್ಸ್ ಇನ್ನೂ ಮೆತ್ತಗೆ, ದ್ರಾಕ್ಷಿ ಕಲ್ಲು. ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಉರಿ ಜಾಸ್ತಿ ಆತು. ಶೇಂಗಾ ಹುರಿದಂಗೆ ಹುರೀಬೇಕು. ಅವಸರ ಮಾಡಿದ್ರೆ ಮ್ಯಾಲೆ ಸೀಯ್ತೈತಿ, ಒಳಗೆ ಹಸೇದಿರ್ತೈತಿ" ಎಂದರು. ಜೇನನ್ನು ಕಾಯಿಸಿದ್ದಕ್ಕೂ ಅವರ ಆಕ್ಷೇಪವಿತ್ತು. ಆಯುರ್ವೇದ ಅದನ್ನು ಒಪ್ಪುವುದಿಲ್ಲ. ನನಗೆ ಸಿಕ್ಕ ಇನ್ನೊಂದು ಕಾರಣ ಬೇರೆ. ಜೇನಿನಲ್ಲಿರುವ ಫ್ರಕ್ಟೋಸ್ ಸಾಮಾನ್ಯ ಸಕ್ಕರೆಗಿಂತ ಕಡಿಮೆ ಶಾಖದಲ್ಲೇ ಕಂದುತ್ತದೆ. 180 ಡಿಗ್ರಿಯಲ್ಲಿ ಅದು ಸೀದುಹೋಗಲು ಹೆಚ್ಚು ಹೊತ್ತು ಬೇಡ.

ಜೇನಿನ ಬದಲಿಗೆ ನನ್ನ ನೆನಪಿಗೆ ಬಂದದ್ದು ಜೋನಿ ಬೆಲ್ಲ. ನನ್ನ ತವರು ಸಾಗರದ ಕಡೆ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಅಚ್ಚಿನ ಬೆಲ್ಲದ ಹದ ಮುಟ್ಟುವ ಮೊದಲೇ ಕೊಪ್ಪರಿಗೆಯಿಂದ ಇಳಿಸಿದರೆ ಸುರಿಯಲು ಬರುವ ಈ ಬೆಲ್ಲ ಸಿಗುತ್ತದೆ. ಅಲ್ಲಿ ದೋಸೆಯ ಪಕ್ಕದಲ್ಲಿ ಅದಿರಲೇಬೇಕು. ಪ್ರತಿ ವರ್ಷ ಅಮ್ಮ ಒಂದು ಡಬ್ಬ ಕಳಿಸುತ್ತಾಳೆ. ಓಟ್ಸ್‌ನ ಪ್ರತಿ ಎಸಳಿಗೂ ತೆಳ್ಳಗೆ ಹತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಜೋನಿ ಸಿಗದವರು 75 ಗ್ರಾಂ ಅಚ್ಚುಬೆಲ್ಲವನ್ನು ಮೂರು ಚಮಚ ನೀರಿನಲ್ಲಿ ಕರಗಿಸಿ ಸೋಸಿಕೊಂಡರೆ ಸಾಕು. ಪಾಕ ಬರಿಸುವ ಅಗತ್ಯವಿಲ್ಲ, ಒಲೆಯೊಳಗೆ ಅದೇ ಬರುತ್ತದೆ.

ನನ್ನ ಅಳತೆ ಹೀಗೆ. ಓಟ್ಸ್ 300 ಗ್ರಾಂ. ರೋಲ್ಡ್ ಓಟ್ಸ್ ಎಂದು ಬರೆದ ದಪ್ಪ ಎಸಳಿನದೇ ಆಗಬೇಕು. ಅದನ್ನು ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡಿರುತ್ತಾರೆ, ಹಾಗಾಗಿ ಹುರಿದರೆ ಸಾಕು, ತಿನ್ನಲು ಬರುತ್ತದೆ. ಇನ್‌ಸ್ಟಂಟ್ ಓಟ್ಸ್ ಪುಡಿಪುಡಿಯಾಗುತ್ತದೆ, ಕತ್ತರಿಸಿದ ಕಾಳಿನ ಸ್ಟೀಲ್ ಕಟ್ ಓಟ್ಸ್ ಹಲ್ಲಿಗೆ ಕಲ್ಲಾಗುತ್ತದೆ. ಅದಕ್ಕೆ ಸಿಪ್ಪೆ ತೆಗೆಯದ ಹಸಿ ಶೇಂಗಾ 100 ಗ್ರಾಂ, ಕುಂಬಳಬೀಜ 50 ಗ್ರಾಂ, ಬಿಳಿ ಎಳ್ಳು 40 ಗ್ರಾಂ, ಅರ್ಧ ಟೀ ಚಮಚ ಉಪ್ಪು, ಏಲಕ್ಕಿ ಪುಡಿ, ಒಣಶುಂಠಿ ಪುಡಿ. ಬಾದಾಮಿ ಹಾಕಲೇಬೇಕೆಂದಿಲ್ಲ, ಪ್ರೋಟೀನಿನಲ್ಲಿ ಶೇಂಗಾ ಯಾವ ಬಾದಾಮಿಗೂ ಕಡಿಮೆಯಿಲ್ಲ, ಬೆಲೆ ಎಷ್ಟೋ ಪಾಲು ಕಡಿಮೆ. ಉಪ್ಪನ್ನು ಬಿಡಬೇಡಿ. ಉಪ್ಪು ಇದ್ದರೇ ಕಡಿಮೆ ಬೆಲ್ಲವೂ ಸಿಹಿಯೆನಿಸುವುದು.

ಇನ್ನೊಂದು ಬಟ್ಟಲಿನಲ್ಲಿ 100 ಗ್ರಾಂ ಜೋನಿ ಬೆಲ್ಲ, ನಾಲ್ಕು ದೊಡ್ಡ ಚಮಚ ಶೇಂಗಾ ಎಣ್ಣೆ. ಜೋನಿಯಲ್ಲಿ ನೀರಿನಂಶ ಇರುವುದರಿಂದ ತೂಕ ಸ್ವಲ್ಪ ಹೆಚ್ಚು. ಎಣ್ಣೆಯನ್ನು ಪೂರ್ತಿ ಬಿಟ್ಟು ಮಾಡಲು ಒಮ್ಮೆ ಪ್ರಯತ್ನಿಸಿದೆ: ಓಟ್ಸ್ ಒಣಕಲಾಗಿ, ಗಂಟಲಿನಲ್ಲಿ ಹಿಡಿಯುವಂತಾಯಿತು. ಎಣ್ಣೆ ಶಾಖವನ್ನು ಎಲ್ಲ ಎಸಳಿಗೂ ಸಮನಾಗಿ ಮುಟ್ಟಿಸುತ್ತದೆ.

ಮಕ್ಕಳಿಗೆ ಗ್ರನೋಲಾದ ಗಂಟುಗಳೇ ಇಷ್ಟ. ಪುಡಿ ಉಳಿಸಿ ಗಂಟು ಆರಿಸಿ ತಿನ್ನುತ್ತಾರೆ. ಅಮೆರಿಕದ ಅಡುಗೆಯಲ್ಲಿ ಇದಕ್ಕೆ ಮೊಟ್ಟೆಯ ಬಿಳಿ ಹಾಕುವುದುಂಟು, ನಮ್ಮ ಮನೆಯಲ್ಲಿ ಅದು ಆಗದು. ಅತ್ತೆಯ ಅಗಸೆ ಚಟ್ನಿಪುಡಿಯ ಡಬ್ಬಿ ನೋಡಿ ದಾರಿ ತಿಳಿಯಿತು. ಮಸಾಲೆ ಹಾಕದ ಅಗಸೆ ಪುಡಿ ಒಂದು ದೊಡ್ಡ ಚಮಚಕ್ಕೆ ಮೂರು ಚಮಚ ಬಿಸಿನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಬೆಲ್ಲದ ಜೊತೆ ಅದನ್ನು ಬೆರೆಸಿದರೆ ಸಿಹಿ ಹೆಚ್ಚಿಸದೆಯೇ ಅಂಟು ಬರುತ್ತದೆ. ಪುಡಿ ಮಾಡಿದ್ದರಿಂದ ಇನ್ನೊಂದು ಲಾಭವಿದೆ. ಇಡೀ ಅಗಸೆ ಬೀಜ ಬಹುಮಟ್ಟಿಗೆ ಹೊಟ್ಟೆಯಿಂದ ಹಾಗೆಯೇ ಹೊರಗೆ ಹೋಗುತ್ತದೆ.

ಎಲ್ಲವನ್ನೂ ಕೈಯಿಂದಲೇ ಕಲಸಬೇಕು. ಒಣ ಎಸಳು ಒಂದೂ ಉಳಿಯಬಾರದು; ಚಮಚಕ್ಕೆ ಅದು ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ತಟ್ಟೆಯಲ್ಲಿ ಅರ್ಧ ಇಂಚು ದಪ್ಪಕ್ಕೆ ಹರಡಿ, ಸೌಟಿನ ಬೆನ್ನಿನಿಂದ ಒತ್ತಿ, 150 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ. ಚಿಕ್ಕ ಓಟಿಜಿಯಾದರೆ ಎರಡು ಸಲ ಮಾಡಬೇಕಾಗುತ್ತದೆ. ಹದಿನೈದನೆಯ ನಿಮಿಷಕ್ಕೆ ಹೊರತೆಗೆದು ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಸರಿಸಿ ಮತ್ತೆ ಒತ್ತುತ್ತೇನೆ. ಆಮೇಲೆ ಗಡಿಯಾರಕ್ಕಿಂತ ಮೂಗನ್ನು ನಂಬುವುದು ಮೇಲು. ಮೊದಲು ಬರುವುದು ಹಸಿ ಹಿಟ್ಟಿನ ವಾಸನೆ, ಆಮೇಲೆ ಬೆಲ್ಲದ್ದು, ಕೊನೆಗೆ ಹುರಿದ ಶೇಂಗಾದ ಘಮ. ಅದು ಬಂದ ಐದು ನಿಮಿಷಕ್ಕೆ ಇಳಿಸುತ್ತೇನೆ.

ಇಳಿಸಿದಾಗ ಅದು ಮೆತ್ತಗೇ ಇರುತ್ತದೆ. ಹೊಸಬರು ತಪ್ಪುವುದು ಇಲ್ಲೇ, ಆಗಿಲ್ಲವೆಂದು ಮತ್ತೆ ಒಳಗಿಡುತ್ತಾರೆ. ಚಿಕ್ಕಿಯ ಪಾಕ ಬಿಸಿಯಲ್ಲಿ ಬಾಗಿ, ತಣಿದಮೇಲೆ ಟಕ್ಕೆಂದು ಮುರಿಯುವುದಿಲ್ಲವೇ, ಇದೂ ಹಾಗೆಯೇ. ಎಸಳಿನ ಮೇಲಿನ ಬೆಲ್ಲ ತಣಿಯುತ್ತಾ ಗಾಜಿನಂತೆ ಗಟ್ಟಿಯಾಗುತ್ತದೆ, ಗಂಟು ಕಟ್ಟುವುದೂ ಆಗಲೇ. ಪೂರ್ತಿ ಒಂದು ಗಂಟೆ ಕೈ ಹಚ್ಚಬಾರದು. ತಣಿದಮೇಲೆ ಒಣದ್ರಾಕ್ಷಿ 60 ಗ್ರಾಂ, ತೆಳ್ಳಗೆ ಹೆರೆದ ಕೊಬ್ಬರಿ 30 ಗ್ರಾಂ ಬೆರೆಸುತ್ತೇನೆ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಹಬೆ ಒಳಗೇ ಕುಳಿತು ಎಲ್ಲ ಮೆತ್ತಗಾಗುತ್ತದೆ.

ಓಟಿಜಿ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಮಾಡಬಹುದು. ಶೇಂಗಾ, ಓಟ್ಸ್, ಬೀಜಗಳನ್ನು ಬೇರೆ ಬೇರೆ ಹುರಿದು, ಕೊನೆಗೆ ಬೆಲ್ಲ ಮತ್ತು ಎಣ್ಣೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಹತ್ತು ನಿಮಿಷ ಕೆದಕಿ ತಟ್ಟೆಗೆ ಹರಡಬೇಕು. ಗಂಟು ಕಡಿಮೆ, ರುಚಿ ಅಷ್ಟೇ.

ಒಟ್ಟು 650 ಗ್ರಾಂ ಚಿಲ್ಲರೆ ಬರುತ್ತದೆ. ಒಬ್ಬರಿಗೆ ಒಂದು ಹೊತ್ತಿಗೆ 40 ಗ್ರಾಂ, ಅಂದರೆ ಸಣ್ಣ ಹಿಡಿ. ಅದರಲ್ಲಿ ಸೇರಿಸಿದ ಬೆಲ್ಲ ಒಂದು ಟೀ ಚಮಚದಷ್ಟು, ಶಕ್ತಿ ಸುಮಾರು 200 ಕ್ಯಾಲೊರಿ. ಹಗುರವಾಗಿ ಕಂಡರೂ ಇದು ಗಟ್ಟಿ ಆಹಾರ. ಬಟ್ಟಲು ತುಂಬ ಸುರಿದುಕೊಂಡರೆ ಒಂದು ಊಟದಷ್ಟಾಗುತ್ತದೆ. ಓಟ್ಸ್‌ನ ಬೀಟಾ ಗ್ಲೂಕನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆ, ಇದು ನಿಜ. ಆದರೆ ನಮ್ಮ 40 ಗ್ರಾಂನಲ್ಲಿ ಓಟ್ಸ್ ಇರುವುದು ಹದಿನೆಂಟು ಗ್ರಾಂನಷ್ಟೇ, ಅದರಿಂದ ಬರುವ ಆ ನಾರು ಒಂದು ಗ್ರಾಂ ಕೂಡ ಇಲ್ಲ. ಗ್ರನೋಲಾವನ್ನು ಔಷಧವೆಂದು ಯಾರೂ ತಿನ್ನುವುದು ಬೇಡ. ಬಿಸ್ಕತ್ತಿನ ಮೈದಾಕ್ಕಿಂತ ಒಳ್ಳೆಯ ಧಾನ್ಯ, ಒಳ್ಳೆಯ ಕೊಬ್ಬು, ಜಗಿಯುವ ಕೆಲಸ ಸಿಗುತ್ತದೆ. ನನಗೆ ಅಷ್ಟು ಸಾಕು.

ಬೆಳಿಗ್ಗೆ ಮಗನಿಗೆ ಕೆನೆಮೊಸರು, ಹೆಚ್ಚಿದ ಏಲಕ್ಕಿ ಬಾಳೆಹಣ್ಣು, ಮೇಲೆ ಗ್ರನೋಲಾ. ಮಾವಿನ ಕಾಲದಲ್ಲಿ ಬಾಳೆಯ ಜಾಗಕ್ಕೆ ಮಾವು. ಹಾಲು ಹಾಕಿಕೊಳ್ಳುವವರು ಕೂಡಲೇ ತಿನ್ನಬೇಕು. ಸಕ್ಕರೆ ಕಾಯಿಲೆಯಿರುವ ಮಾವನವರಿಗೆ ದ್ರಾಕ್ಷಿಯಿಲ್ಲದ್ದನ್ನು ಮೊದಲೇ ತೆಗೆದಿಡುತ್ತೇನೆ. ವೈದ್ಯರನ್ನು ಕೇಳಿಕೊಂಡು ಅವರು ಮೊಸರಿನ ಮೇಲೆ ಎರಡು ಚಮಚ ಉದುರಿಸಿಕೊಳ್ಳುತ್ತಾರೆ. ಪುಟ್ಟ ಮಕ್ಕಳಿರುವ ಮನೆಯವರಿಗೆ ಎರಡು ಮಾತು ಒತ್ತಿ ಹೇಳಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ, ಅದರಲ್ಲಿರಬಹುದಾದ ಬೀಜಾಣುಗಳಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ, ಬಾದಾಮಿ ಕೊಡಬಾರದು, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆಂದು ಪುಡಿ ಮಾಡಿ ಬೆರೆಸಿ.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಮೂರು ವಾರ ಚೆನ್ನಾಗಿರುತ್ತದೆ. ಆಮೇಲೆ ಬೀಜಗಳ ಎಣ್ಣೆ ಗಾಳಿಗೆ ಕಮಟುತ್ತದೆ. ಸಾಗರದ ಮಳೆಗಾಲಕ್ಕೆ ಕಳಿಸಿದ್ದು ವಾರದೊಳಗೆ ಮೆತ್ತಗಾಗಿತ್ತು. 120 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ತಣಿಸಲು ಅಮ್ಮನಿಗೆ ಫೋನಿನಲ್ಲೇ ಹೇಳಿಕೊಟ್ಟೆ, ಮತ್ತೆ ಗರಿಗರಿಯಾಯಿತಂತೆ.

ನಮ್ಮ ಡಬ್ಬಿ ಅತ್ತೆಯದು, ಒಂದು ಕಾಲಕ್ಕೆ ನಾಗರಪಂಚಮಿಯ ಅರಳು ತುಂಬಿಡುತ್ತಿದ್ದದ್ದು. ಕಳೆದ ಪಂಚಮಿಗೆ ಉಳಿದ ಜೋಳದ ಅರಳನ್ನು ಅವರೇ ತಂದು, "ಇದನ್ನೂ ಹಾಕಿ ನೋಡಮ್ಮ, ಹಗುರಾಕ್ಕೈತಿ" ಎಂದರು. ಓಟ್ಸ್‌ನಲ್ಲಿ 100 ಗ್ರಾಂ ಕಡಿಮೆ ಮಾಡಿ, ಅರಳನ್ನು ಒಲೆಯಲ್ಲಿ ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಸೇರಿಸಿದೆ. ಆ ಸಲ ಡಬ್ಬಿ ಬುಧವಾರಕ್ಕೇ ಖಾಲಿಯಾಯಿತು. ಮಗಳು ಮುಚ್ಚಳಕ್ಕೆ ಅಂಟಿಸುವ ಚೀಟಿಯಲ್ಲಿ ತಾರೀಖಿನ ಕೆಳಗೆ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯುತ್ತಾಳೆ. ಈ ವಾರದ ಚೀಟಿಯಲ್ಲಿ ಅರಳು ಮೂರನೆಯದು, ಬೆಲ್ಲ ನಾಲ್ಕನೆಯದು.