ಅರ್ಧ ಮಿಲಿಮೀಟರ್ ಕಣಜಕ್ಕೆ ಬೆಂಗಳೂರು ಹುಡುಕಿಕೊಟ್ಟ ಗುರುತು

ಕಬ್ಬಿಗೆ ಕೊರಕದ ಕಾಟ ಶುರುವಾದರೆ ಔಷಧಿ ಅಂಗಡಿಗೆ ಹೋಗುವ ಮೊದಲು ಟ್ರೈಕೋ ಕಾರ್ಡ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ರೈತರು ಮಂಡ್ಯದ ಸೀಮೆಯಲ್ಲಿದ್ದಾರೆ. ಅಂಗೈಯಗಲದ ರಟ್ಟು. ಅದರ ಮೇಲೆ ಗಸಗಸೆ ಚೆಲ್ಲಿ ಅಂಟಿಸಿದಂತೆ ಅಕ್ಕಿ ಪತಂಗದ ಮೊಟ್ಟೆಗಳು, ಸುಮಾರು 16ರಿಂದ 20 ಸಾವಿರ. ಮೊಟ್ಟೆ ಕಪ್ಪಗಾಗಿದ್ದರೆ ಒಳಗೆ ಪತಂಗದ ಮರಿಯ ಬದಲು ಕಣಜವೊಂದು ಬೆಳೆಯುತ್ತಿದೆ ಎಂದು ಲೆಕ್ಕ. ಕಾರ್ಡನ್ನು ಪಟ್ಟಿಗಳಾಗಿ ಕತ್ತರಿಸಿ ಎಲೆಯ ಅಡಿಗೆ ಸಿಕ್ಕಿಸಿದರೆ ಮುಂದಿನ ಕೆಲಸ ಕಣಜದ್ದು.

ಈ ಕಣಜದ ಕುಲ ಟ್ರೈಕೋಗ್ರಾಮ. ಉದ್ದ ಅರ್ಧ ಮಿಲಿಮೀಟರಿನ ಆಸುಪಾಸು. ಹೆಣ್ಣು ಪತಂಗದ ಮೊಟ್ಟೆಯನ್ನು ಚುಚ್ಚಿ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿ ಒಳಗಿನ ತಿರುಳನ್ನೆಲ್ಲ ತಿಂದು, ಬೆಚ್ಚಗಿನ ಹವೆಯಲ್ಲಿ ಎಂಟು ಹತ್ತು ದಿನಕ್ಕೆ ರೆಕ್ಕೆ ಸಮೇತ ಹೊರಬರುತ್ತದೆ. ಬೆಳೆ ಕೊರೆಯಬೇಕಿದ್ದ ಹುಳು ಹುಟ್ಟುವುದೇ ಇಲ್ಲ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ‘ಮೊಟ್ಟೆ ಪರತಂತ್ರ ಜೀವಿ’ ಎಂದು ಬರೆಯುವುದು ಇದನ್ನೇ. ನಮ್ಮ ನೆಲಕ್ಕೆ ಇದು ಹೊಸತೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಕಬ್ಬಿನ ಕೊರಕಗಳಿಗಾಗಿ ಈ ಕಣಜವನ್ನು ದೊಡ್ಡ ಪ್ರಮಾಣದಲ್ಲಿ ಸಾಕಿದ ಪ್ರಯೋಗದ ವರದಿಯನ್ನು ಟಿ.ವಿ. ಸುಬ್ರಹ್ಮಣ್ಯಂ 1937ರಲ್ಲೇ ಪ್ರಕಟಿಸಿದ್ದರು.

ಸಾಕುವುದು ಸುಲಭವಾಯಿತು, ಸಾಕಿದ್ದು ಯಾವುದನ್ನು ಎಂದು ಹೇಳುವುದೇ ಕಷ್ಟವಾಯಿತು. ಈ ಕುಲದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಒಂದೊಂದರ ಒಲವು ಒಂದೊಂದು ಬಗೆ. ಭತ್ತದ ಹಳದಿ ಕಾಂಡ ಕೊರಕಕ್ಕೆ ಟ್ರೈಕೋಗ್ರಾಮ ಜಪಾನಿಕಮ್ ಬೇಕು, ಕಬ್ಬಿನ ಕೊರಕಕ್ಕೆ ಟ್ರೈಕೋಗ್ರಾಮ ಕೈಲೋನಿಸ್. ಒಂದರ ಜಾಗದಲ್ಲಿ ಇನ್ನೊಂದನ್ನು ಬಿಟ್ಟರೆ ಶ್ರಮವೆಲ್ಲ ವ್ಯರ್ಥವಾಗಬಹುದು. ಆದರೆ ಮೈಬಣ್ಣ ನೋಡಿ ಗುರುತಿಸೋಣವೆಂದರೆ ಅದು ಬೆಳೆದ ತಾಪಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಗಾತ್ರವೆಂದರೆ ಅದು ಯಾವ ಮೊಟ್ಟೆಯಲ್ಲಿ ಬೆಳೆಯಿತು ಎಂಬುದರ ಮೇಲೆ ನಿಂತಿದೆ. ಇಂಗ್ಲೆಂಡಿನ ಜಾರ್ಜ್ ಸಾಲ್ಟ್ 1937ರಲ್ಲಿ ತೋರಿಸಿದ್ದು ಇನ್ನೂ ವಿಚಿತ್ರ: ಟ್ರೈಕೋಗ್ರಾಮ ಸೆಂಬ್ಲಿಡಿಸ್ ಎಂಬ ಪ್ರಭೇದದ ಗಂಡು ಪತಂಗದ ಮೊಟ್ಟೆಯಿಂದ ಬಂದರೆ ರೆಕ್ಕೆ ಇರುತ್ತದೆ, ನೀರಂಚಿನ ಸಿಯಾಲಿಸ್ ಎಂಬ ಕೀಟದ ಮೊಟ್ಟೆಯಿಂದ ಬಂದರೆ ಇರುವುದಿಲ್ಲ. ಹೊರನೋಟ ನಂಬಿದವರು ಒಂದನ್ನೇ ಎರಡೆಂದು, ಎರಡನ್ನು ಒಂದೆಂದು ಬರೆದಿಟ್ಟರು. ಅಮೆರಿಕದಲ್ಲಿ ಕಂಡದ್ದೆಲ್ಲ ದಶಕಗಳ ಕಾಲ ‘ಮಿನುಟಮ್’ ಆಗಿತ್ತು. ಭಾರತದ ಕಣಜ ಒಮ್ಮೆ ಮಿನುಟಮ್, ಇನ್ನೊಮ್ಮೆ ಆಸ್ಟ್ರೇಲಿಕಮ್.

ಈ ಗೋಜಲು ಬಿಡಿಸುವ ದಾರಿ ತೋರಿದ್ದು ಬೆಂಗಳೂರು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆ 1957ರಲ್ಲಿ ಇಲ್ಲಿ ತನ್ನ ಭಾರತೀಯ ಕೇಂದ್ರ ತೆರೆದಿತ್ತು. ಅಲ್ಲಿನ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಮೊದಲು ಕೈಗೆತ್ತಿಕೊಂಡದ್ದು ಸಂಕರ ಪ್ರಯೋಗವನ್ನು. ಭಾರತದ ಕಣಜ, ಇವಾನೆಸೆನ್ಸ್ ಎಂಬ ಇನ್ನೊಂದು ಪ್ರಭೇದ, ಮಿನುಟಮ್ ಮೂರನ್ನೂ ಪರಸ್ಪರ ಕೂಡಿಸಿ ನೋಡಿದ ವಿವರ 1968ರಲ್ಲಿ ಅಚ್ಚಾಯಿತು. ಕಣಜಗಳಲ್ಲಿ ಈ ಪರೀಕ್ಷೆಗೊಂದು ಅನುಕೂಲವಿದೆ: ಫಲಿತವಾದ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು. ಎರಡು ಬಗೆಯ ಕಣಜಗಳನ್ನು ಜೋಡಿ ಮಾಡಿ ಬಿಟ್ಟಾಗ ಬರೀ ಗಂಡುಮರಿಗಳೇ ಬಂದರೆ ಆ ಕೂಟ ಫಲಿಸಲಿಲ್ಲ ಎಂದು ತಿಳಿಯಬಹುದು.

ಹೀಗೆ ಬೇರೆಯೆಂದು ತಿಳಿದವುಗಳನ್ನು ಕಣ್ಣಿನಿಂದಲೂ ಬೇರ್ಪಡಿಸಲು ಅವರು ಆರಿಸಿಕೊಂಡ ಅಂಗ ಗಂಡಿನ ಜನನಾಂಗ. ಕಣಜವನ್ನು ರಾಸಾಯನಿಕದಲ್ಲಿ ಪಾರದರ್ಶಕ ಮಾಡಿ, ಗಾಜಿನ ಸ್ಲೈಡಿನ ಮೇಲೆ ಮಲಗಿಸಿ, ನೂರಾರು ಪಟ್ಟು ಹಿಗ್ಗಿಸಿ ನೋಡಿದರೆ ಅಲ್ಲಿನ ಫಲಕಗಳ ಅಗಲ, ಮುಂಚಾಚುಗಳ ಉದ್ದ, ಕೊಕ್ಕೆಗಳ ತುದಿ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಬಣ್ಣದ ಹಾಗೆ ಅವು ಹವೆಗೆ ತಕ್ಕಂತೆ ಮಾತು ಬದಲಿಸುವುದಿಲ್ಲ. ಹಳೆಯ ಪ್ರಭೇದಗಳನ್ನು ಇದೇ ಆಧಾರದ ಮೇಲೆ ಹೊಸದಾಗಿ ವಿವರಿಸಿದ ಅವರ 1971ರ ಪ್ರಬಂಧದ ನಂತರ ಟ್ರೈಕೋಗ್ರಾಮ ಗುರುತಿಸುವವರೆಲ್ಲ ಮೊದಲು ಹುಡುಕುವುದು ಒಳ್ಳೆಯ ಗಂಡು ಸ್ಲೈಡನ್ನು.

ಭಾರತದ ಕಣಜದ ಹೆಸರು ಮಾತ್ರ ಇನ್ನೂ ಕೆಲವು ವರ್ಷ ಅಲೆದಾಡಿತು. ಅದು ಆಸ್ಟ್ರೇಲಿಕಮ್ ಅಲ್ಲವೆಂದು ಇಟಲಿಯ ವಿಗ್ಗಿಯಾನಿ 1976ರಲ್ಲಿ ‘ಕನ್‌ಫ್ಯೂಸಮ್’ ಎಂದು ಕರೆದರು. 1979ರಲ್ಲಿ ನಾಗರಕಟ್ಟಿ ಮತ್ತು ನಾಗರಾಜ ಅದು ಜಪಾನಿನ ಇಶಿಯಿ 1941ರಲ್ಲೇ ವಿವರಿಸಿದ್ದ ಕೈಲೋನಿಸ್ ಎಂದು ಬರೆದರು. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ಪ್ರಾಣಿಗಳ ನಾಮಕರಣದ ನಿಯಮ. ಇಂದು ಕಬ್ಬಿನ ಗದ್ದೆಗೆ ಹೋಗುವ ಕಾರ್ಡಿನ ಕಣಜಕ್ಕೆ ಇರುವುದು ಆ ಹೆಸರೇ.

ಗುರುತು ಹಿಡಿಯಲು ಬೇಕಾದ ಗಂಡೇ ಇಲ್ಲದಿದ್ದರೆ? ಕೆಲವು ಟ್ರೈಕೋಗ್ರಾಮ ತಳಿಗಳಲ್ಲಿ ತಲೆಮಾರುಗಟ್ಟಲೆ ಬರೀ ಹೆಣ್ಣೇ ಹುಟ್ಟುತ್ತದೆ. 1990ರಲ್ಲಿ ರಿಚರ್ಡ್ ಸ್ಟೌಟ್‌ಹ್ಯಾಮರ್ ಮತ್ತು ಸಂಗಡಿಗರು ಅಂಥ ಕಣಜಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟಾಗ ಮುಂದಿನ ಪೀಳಿಗೆಯಲ್ಲಿ ಗಂಡು ಕಾಣಿಸಿಕೊಂಡಿತು. ಹೆಚ್ಚು ತಾಪದಲ್ಲಿ ಇರಿಸಿದಾಗಲೂ ಹಾಗೆಯೇ. ಹೆಣ್ಣಿನ ಸಾಲನ್ನು ನಡೆಸುತ್ತಿದ್ದದ್ದು ಜೀವಕೋಶದೊಳಗಿನ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ. ಈಗ ಡಿಎನ್ಎಯ ಒಂದು ತುಣುಕನ್ನು ಓದಿ ಹೆಣ್ಣಿನಿಂದಲೂ ಪ್ರಭೇದ ಹೇಳಬಹುದು. ಆದರೂ ಹೊಸ ಪ್ರಭೇದದ ವಿವರಣೆಗೆ ಒಂದು ಮೂಲ ಮಾದರಿ, ಅಂದರೆ ಹೋಲೋಟೈಪ್, ಬೇಕೇ ಬೇಕು. ಅದು ಸಿಕ್ಕ ಊರು, ದಿನಾಂಕ, ಯಾವ ಕೀಟದ ಮೊಟ್ಟೆಯಿಂದ ಬಂತು ಎಂಬ ಚೀಟಿಯೊಂದಿಗೆ ಸಂಗ್ರಹಾಲಯದಲ್ಲಿ ಉಳಿಯಬೇಕು.

ನಾಗರಾಜ ಮತ್ತು ನಾಗರಕಟ್ಟಿ ಹಾಗೆ ವಿವರಿಸಿದ ಪ್ರಭೇದಗಳಲ್ಲೊಂದು ಟ್ರೈಕೋಗ್ರಾಮ ಅಕೀಯೆ. ಹರಳು ಗಿಡ ತಿನ್ನುವ ಕೊಂಡಲಿ ಹುಳುವಿನ ಪತಂಗಕ್ಕೆ ಅಕೀಯ ಎಂಬ ಕುಲನಾಮವಿದೆ. ಕಣಜದ ಹೆಸರು ಅಲ್ಲಿಂದ ಬಂತು. ದಕ್ಷಿಣ ಅಮೆರಿಕದ ಟೊಮೆಟೊ ಊಜಿ ಟೂಟಾ ಅಬ್ಸಲ್ಯೂಟಾ 2006ರಲ್ಲಿ ಸ್ಪೇನಿಗೆ ನುಗ್ಗಿ ಹಸಿರುಮನೆಗಳನ್ನು ಹಾಳುಮಾಡತೊಡಗಿದಾಗ, ಅದರ ಮೊಟ್ಟೆಗಳ ಮೇಲೆ ಬಿಡಲು ಅಲ್ಲಿನವರು ಬಳಸಿದ್ದು ಈ ಅಕೀಯೆಯನ್ನು. ಕಂಪನಿಗಳು ಅದನ್ನು ಸಾಕಿ ಮಾರಿದವು. 2014ರಲ್ಲಿ ಟೂಟಾ ಭಾರತದ ಟೊಮೆಟೊ ಹೊಲಗಳಿಗೂ ಬಂದಿಳಿಯಿತು. ಅದರ ವಿರುದ್ಧ ಇಲ್ಲಿ ಪರೀಕ್ಷೆಗೆ ಇಳಿಸಿದ ಕಣಜಗಳ ಪಟ್ಟಿಯಲ್ಲೂ ಅಕೀಯೆ ಇತ್ತು.