ನಿಮಗಿದು ಗೊತ್ತೆ? ರಜೆಯಲ್ಲಿ ಕಾಡು ಕಾಯುವ ಹದಿಹರೆಯ

ಅಮೆರಿಕದಲ್ಲಿ 15ರಿಂದ 18 ವರ್ಷದ ಹುಡುಗ ಹುಡುಗಿಯರು ಬೇಸಿಗೆ ರಜೆಯಲ್ಲಿ ರಾಷ್ಟ್ರೀಯ ಉದ್ಯಾನ, ಸರ್ಕಾರಿ ಕಾಡು, ವನ್ಯಜೀವಿ ಧಾಮಗಳಲ್ಲಿ ಸಂಬಳ ಪಡೆದು ದುಡಿಯುತ್ತಾರೆ. ಈ ಯೋಜನೆಯ ಹೆಸರು ಯೂತ್ ಕನ್ಸರ್ವೇಶನ್ ಕೋರ್.

* ಇದಕ್ಕೆ ಕಾನೂನು ಬಂದದ್ದು 1970ರಲ್ಲಿ. ಮರುವರ್ಷವೇ ಮೊದಲ ತಂಡಗಳು ಕಾಡಿಗಿಳಿದವು.

* ಇದರ ಹಿರಿಯಣ್ಣ ಸಿವಿಲಿಯನ್ ಕನ್ಸರ್ವೇಶನ್ ಕೋರ್. ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1933ರಲ್ಲಿ, ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅದನ್ನು ಶುರು ಮಾಡಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು.

* ಯೂತ್ ಕೋರ್ ಮಕ್ಕಳ ಒಂದು ಮುಖ್ಯ ಕೆಲಸ ಕಾಲುದಾರಿ ರಿಪೇರಿ. ಇಳಿಜಾರಿನ ದಾರಿಗೆ ಓರೆಯಾಗಿ ಮರದ ದಿಮ್ಮಿ ಹೂತು, ಹಿಂದೆ ಮಣ್ಣು ತುಂಬಿ ಗಟ್ಟಿಯಾಗಿ ದಮ್ಮಸ್ಸು ಮಾಡುತ್ತಾರೆ. ಮಳೆನೀರು ದಿಮ್ಮಿಗೆ ತಾಗಿ ಪಕ್ಕಕ್ಕೆ ಹರಿಯುತ್ತದೆ, ದಾರಿ ಕೊಚ್ಚಿಹೋಗುವುದಿಲ್ಲ.

* ಕೈಯಲ್ಲಿರುವ ಹತಾರ ಪುಲಾಸ್ಕಿ: ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. 1910ರ ಭೀಕರ ಕಾಳ್ಗಿಚ್ಚಿನಲ್ಲಿ ತನ್ನ ತಂಡವನ್ನು ಗಣಿಯ ಸುರಂಗದೊಳಗೆ ನುಗ್ಗಿಸಿ ಹೆಚ್ಚಿನವರ ಜೀವ ಉಳಿಸಿದ ಅರಣ್ಯ ರೇಂಜರ್ ಎಡ್ ಪುಲಾಸ್ಕಿ ಅವರ ಹೆಸರು ಅದಕ್ಕೆ.

* ಇದೇ ಬಗೆಯ ಕೆಲಸಕ್ಕೆ ಯುವ ಸ್ವಯಂಸೇವಕರನ್ನು ಉದ್ಯಾನಗಳಿಗೆ ಕಳಿಸುವ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಶನ್ ಹುಟ್ಟಿದ್ದು ಕಾಲೇಜು ವಿದ್ಯಾರ್ಥಿನಿಯೊಬ್ಬರ ಪ್ರಬಂಧದಿಂದ. ಎಲಿಜಬೆತ್ ಪಟ್ನಮ್ 1955ರಲ್ಲಿ ಬರೆದ ಆ ವಿಚಾರ 1957ರಲ್ಲಿ ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ಉದ್ಯಾನಗಳಲ್ಲಿ ಕಾರ್ಯರೂಪಕ್ಕೆ ಬಂತು.

ತಾನೇ ಸರಿಪಡಿಸಿದ ದಾರಿಯ ಮೇಲೆ ಊರಿನವರು ನಡೆಯುವುದನ್ನು ಕಂಡ ಮಗು, ಆ ಕಾಡನ್ನು ಬದುಕಿಡೀ ತನ್ನದೆಂದೇ ಕಾಯಬಹುದು.