ಒಡೆಯರು ಬಂದರು, ಹೋದರು, ಬಯಲು ಉಳಿಯಿತು
ಇಂಗ್ಲೆಂಡಿನ ಲ್ಯಾಕ್ಸ್‌ಟನ್ ಹಳ್ಳಿಯ ಕ್ರಯವಿಕ್ರಯದ ಕಥೆ

ಹೊಲವನ್ನು ಮಾರುವುದು ಕೊಳ್ಳುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಆದರೆ ಇಡೀ ಹಳ್ಳಿಯನ್ನೇ, ಅದರ ಹೊಲ, ಹುಲ್ಲುಗಾವಲು, ಒಕ್ಕಲುಮನೆಗಳ ಸಮೇತ ಒಂದೇ ಕ್ರಯಪತ್ರದಲ್ಲಿ ಮಾರಬಹುದೆ? ಇಂಗ್ಲೆಂಡಿನಲ್ಲಿ ಇದು ಶತಮಾನಗಳಿಂದ ನಡೆದುಬಂದಿದೆ. ಅಲ್ಲಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತದ ಲ್ಯಾಕ್ಸ್‌ಟನ್ ಎಂಬ ಸಣ್ಣ ಹಳ್ಳಿ ಇದಕ್ಕೆ ಒಳ್ಳೆಯ ನಿದರ್ಶನ. ಯೋಧರು, ವರ್ತಕರು, ಡ್ಯೂಕರು, ಸರ್ಕಾರ ಎಲ್ಲರೂ ಒಂದೊಂದು ಕಾಲದಲ್ಲಿ ಈ ಹಳ್ಳಿಯ ಮಾಲೀಕರಾಗಿದ್ದವರು. ಆದರೂ ಮಧ್ಯಯುಗದ ಬಯಲು ಬೇಸಾಯದ ಪದ್ಧತಿ ಇಂಗ್ಲೆಂಡಿನ ಉಳಿದೆಡೆ ಬಹುತೇಕ ಅಳಿದುಹೋದರೂ ಇಲ್ಲಿ ಇನ್ನೂ ಜೀವಂತವಾಗಿದೆ. ಮಾಲೀಕತ್ವ ಕೈಯಿಂದ ಕೈಗೆ ಹೋಗುತ್ತಿದ್ದರೂ ಊರಿನ ಕಟ್ಟಳೆ ಉಳಿದದ್ದು ಹೇಗೆ ಎಂಬುದೇ ಈ ಹಳ್ಳಿಯ ಸ್ವಾರಸ್ಯ.

ದೊರೆಯ ನೆಲ, ಒಡೆಯನ ಹಕ್ಕು

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಇಡೀ ದೇಶದ ನೆಲವೆಲ್ಲ ದೊರೆಯದು, ಉಳಿದವರೆಲ್ಲ ಅವನಿಂದ ಪಡೆದು ಅನುಭವಿಸುವವರು ಎಂಬ ತತ್ವ ಅಲ್ಲಿಂದ ಬೇರೂರಿತು. ಇಂಗ್ಲಿಷ್ ಕಾನೂನಿನಲ್ಲಿ ಈ ತತ್ವದ ನೆರಳು ಇಂದಿಗೂ ಇದೆ. ಅಲ್ಲಿ ಮನೆ ಕೊಂಡವನು ನೆಲವನ್ನಲ್ಲ, ನೆಲದ ಮೇಲಿನ ಶಾಶ್ವತ ಹಕ್ಕನ್ನು ಮಾತ್ರ ಕೊಂಡವನೆಂದು ಕಾನೂನು ಪಂಡಿತರು ಹೇಳುತ್ತಾರೆ.

ಗೆದ್ದ ಇಪ್ಪತ್ತು ವರ್ಷಗಳ ನಂತರ, 1086ರಲ್ಲಿ, ಯಾರ ಬಳಿ ಎಷ್ಟು ನೆಲವಿದೆ, ಅದರ ಹುಟ್ಟುವಳಿ ಎಷ್ಟು ಎಂದು ವಿಲಿಯಂ ದೊರೆ ಲೆಕ್ಕ ಹಾಕಿಸಿದ. ‘ಡೂಮ್ಸ್‌ಡೇ ಬುಕ್’ ಎಂದು ಹೆಸರಾದ ಈ ದಾಖಲೆಯಲ್ಲಿ ಲ್ಯಾಕ್ಸ್‌ಟನ್ ಕೂಡ ಇದೆ. ಯುದ್ಧಕ್ಕೆ ಮುಂಚೆ ಊರು ಟೋಕಿ ಎಂಬ ಸ್ಥಳೀಯ ಪ್ರಭುವಿನದಾಗಿತ್ತು. ಆಮೇಲೆ ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ ಸರದಾರನ ಪಾಲಾಯಿತು. ಇದು ಮಾರಾಟವಲ್ಲ, ಗೆದ್ದವನು ಸೋತವನಿಂದ ಕಿತ್ತು ತನ್ನವರಿಗೆ ಹಂಚಿದ್ದು. ಊರಿನ ಉತ್ತರಕ್ಕೆ ಈಗಲೂ ಕಾಣುವ ಕೋಟೆಯ ಮಣ್ಣುದಿಬ್ಬ ನಾರ್ಮನ್ ಒಡೆತನಕ್ಕೆ ಸಾಕ್ಷಿ. ಮುಂದೆ ಊರು ದ ಕಾಕ್ಸ್ ಮತ್ತು ಎವರಿಂಗ್‌ಹ್ಯಾಮ್ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂತು. ರಾಬಿನ್ ಹುಡ್ ಕಥೆಗಳಿಂದ ನಮಗೆಲ್ಲ ಪರಿಚಿತವಾದ ಶೆರ್‌ವುಡ್ ಕಾಡಿನ ಕಾವಲಿನ ಅಧಿಕಾರವೂ ಈ ಮನೆತನಗಳಿಗೆ ಸೇರಿತ್ತು.

ಆ ಕಾಲದಲ್ಲಿ ನೆಲವನ್ನು ಮನಸ್ಸಿಗೆ ಬಂದಂತೆ ಮಾರಲು ಆಗುತ್ತಿರಲಿಲ್ಲ. ನೆಲದ ಜೊತೆಗೆ ಮೇಲಿನ ಪ್ರಭುವಿಗೆ ಸಲ್ಲಿಸಬೇಕಾದ ಸೇವೆಯೂ ಅಂಟಿಕೊಂಡಿತ್ತು. 1290ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ ಬಂದ ಕಾನೂನು ಈ ಗಂಟನ್ನು ಸಡಿಲಿಸಿತು. ಸ್ವತಂತ್ರ ಹಿಡುವಳಿದಾರ ತನ್ನ ನೆಲವನ್ನು ಮಾರಬಹುದು, ಕೊಂಡವನು ಅವನ ಜಾಗದಲ್ಲಿ ನಿಂತು ಅದೇ ಪ್ರಭುವಿಗೆ ಅದೇ ಸೇವೆ ಸಲ್ಲಿಸಬೇಕು ಎಂದು ಅದು ವಿಧಿಸಿತು. ಇಂಗ್ಲೆಂಡಿನ ಭೂಮಿ ಮಾರುಕಟ್ಟೆಗೆ ಇದು ತಳಹದಿ ಎನ್ನಬಹುದು. ಆದರೆ ಸಾಮಾನ್ಯ ಒಕ್ಕಲಿಗನಿಗೆ ಈ ಸೌಲಭ್ಯ ಇರಲಿಲ್ಲ. ಅವನ ಹಿಡುವಳಿ ಕೈಬದಲಾಗಬೇಕಾದರೆ ಊರ ಒಡೆಯನ ನ್ಯಾಯಸಭೆಯಲ್ಲಿ ಹಳೆಯವನು ಅದನ್ನು ಒಪ್ಪಿಸಬೇಕು, ಹೊಸಬ ಕಾಣಿಕೆ ಕೊಟ್ಟು ಪಡೆಯಬೇಕು. ಸಭೆಯ ಕಡತದಲ್ಲಿ ಬರೆದದ್ದರ ನಕಲೇ ಅವನ ಹಕ್ಕುಪತ್ರ. ‘ಕಾಪಿಹೋಲ್ಡ್’ ಎಂಬ ಹೆಸರು ಬಂದದ್ದು ಹೀಗೆ. 1922ರ ಕಾನೂನಿನಂತೆ 1926ರ ಆರಂಭದಲ್ಲಿ ಈ ಪದ್ಧತಿ ಕೊನೆಗೊಂಡಿತು.

ವರ್ತಕನ ನಕ್ಷೆ, ಕಾಳುಮೆಣಸಿನ ನಂಟು

ಹದಿನೇಳನೆಯ ಶತಮಾನದ ಹೊತ್ತಿಗೆ ನೆಲ ಹಣವಂತರ ಸರಕಾಗಿತ್ತು. ಲಂಡನ್ನಿನ ಶ್ರೀಮಂತ ವರ್ತಕ ಸರ್ ವಿಲಿಯಂ ಕೋರ್ಟೆನ್ ಲ್ಯಾಕ್ಸ್‌ಟನ್‌ನ ಒಡೆಯನಾದ. ಕೊಂಡ ಆಸ್ತಿಯಲ್ಲಿ ಏನೇನಿದೆ ಎಂದು ತಿಳಿಯದೆ ವರ್ತಕ ಸುಮ್ಮನಿರುತ್ತಾನೆಯೆ? 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಭೂಮಾಪಕನಿಂದ ಇಡೀ ಊರನ್ನು ಅಳೆಯಿಸಿದ. ಪ್ರತಿಯೊಂದು ಪಟ್ಟಿ ಹೊಲ ಯಾರ ವಶದಲ್ಲಿದೆ, ವಿಸ್ತೀರ್ಣ ಎಷ್ಟು ಎಂಬ ವಿವರಗಳ ಪುಸ್ತಕವೂ, ದೊಡ್ಡದೊಂದು ಬಣ್ಣದ ನಕ್ಷೆಯೂ ಸಿದ್ಧವಾದವು. ನಕ್ಷೆಯಲ್ಲಿ ಉಳುವವರು, ಕೊಯ್ಲು ಮಾಡುವವರು, ಬೇಟೆಯಾಡುವವರು ಎಲ್ಲರ ಪುಟ್ಟ ಚಿತ್ರಗಳೂ ಇವೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಇದನ್ನು ಕಾಪಾಡಿಕೊಂಡು ಬಂದಿದೆ. ಯಾರದೋ ಕ್ರಯದ ಲೆಕ್ಕಕ್ಕೆಂದು ಬರೆದ ನಕ್ಷೆ ಇಂದು ಇತಿಹಾಸಕಾರರ ಪಾಲಿಗೆ ನಿಧಿ.

ಇದೇ ಕೋರ್ಟೆನ್‌ಗೂ ಕನ್ನಡ ಕರಾವಳಿಗೂ ನಂಟುಂಟು. ಪೂರ್ವ ದೇಶಗಳೊಡನೆ ವ್ಯಾಪಾರ ಮಾಡಲು ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಒಂದು ಕೂಟ ಕಟ್ಟಿ, ಅದೇ 1635ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಅನುಮತಿ ಪಡೆದವನು ಈತನೇ. 1636ರಲ್ಲಿ ಜಾನ್ ವೆಡೆಲ್‌ನ ಮುಂದಾಳುತನದಲ್ಲಿ ಹಡಗುಗಳು ಹೊರಟವು. ಕೋರ್ಟೆನ್ ಅದೇ ವರ್ಷ ತೀರಿಕೊಂಡ. ಹಡಗುಗಳು ಮುಂದುವರಿದು ಗೋವೆಯ ಮೂಲಕ ಭಟ್ಕಳ ತಲುಪಿದವು. ಹಡಗಿನಲ್ಲಿದ್ದ ಪೀಟರ್ ಮಂಡಿ 1637ರಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೀರಭದ್ರ ನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟಿದ್ದಾನೆ. ಭಟ್ಕಳದಲ್ಲೂ, ಮರುವರ್ಷ ಕಾರವಾರದಲ್ಲೂ ಈ ಕೂಟದ ಕೋಠಿಗಳು ತಲೆಯೆತ್ತಿದವು. ಎಲ್ಲದಕ್ಕೂ ಆಸೆ ಹುಟ್ಟಿಸಿದ್ದು ಕಾಳುಮೆಣಸು. ಲ್ಯಾಕ್ಸ್‌ಟನ್‌ನ ಗೋಧಿ ಹೊಲಗಳೂ ಮಲೆನಾಡಿನ ಮೆಣಸಿನ ಬಳ್ಳಿಗಳೂ ಹೀಗೆ ಒಬ್ಬನೇ ವರ್ತಕನ ಲೆಕ್ಕದ ಪುಸ್ತಕಕ್ಕೆ ಸೇರಿದ್ದವು.

ಈ ಸಾಹಸ ಕೋರ್ಟೆನ್ ಮನೆತನದ ಕೈ ಹಿಡಿಯಲಿಲ್ಲ. ಅದೇ ಹೆಸರಿನ ಮಗನ ಕಾಲದಲ್ಲಿ ಸಾಲ ಏರಿ, 1643ರ ಹೊತ್ತಿಗೆ ಆತ ದಿವಾಳಿಯಾಗಿ ದೇಶ ಬಿಟ್ಟ. ಅದಕ್ಕೂ ಮೊದಲೇ, 1640ರ ಸುಮಾರಿಗೆ, ಲ್ಯಾಕ್ಸ್‌ಟನ್ ನೆರೆಯ ಪಿಯರ್‌ಪಾಂಟ್ ಮನೆತನದ ಕೈಸೇರಿತ್ತು. ಕೊಂಡವನು ಕಿಂಗ್‌ಸ್ಟನ್‌ನ ಅರ್ಲ್ ರಾಬರ್ಟ್ ಪಿಯರ್‌ಪಾಂಟ್. ಆತನೂ ಹೆಚ್ಚು ಕಾಲ ಅನುಭವಿಸಲಿಲ್ಲ. 1643ರಲ್ಲಿ ಅಂತರ್ಯುದ್ಧದಲ್ಲಿ ಸೆರೆಯಾಗಿ ದೋಣಿಯಲ್ಲಿ ಹೋಗುತ್ತಿದ್ದಾಗ ತನ್ನದೇ ಪಕ್ಷದವರ ಗುಂಡಿಗೆ ಬಲಿಯಾದ. ಆದರೆ ಊರು ಆ ಮನೆತನದಲ್ಲೇ ಮುನ್ನೂರು ವರ್ಷ ಉಳಿಯಿತು.

ಈ ಮುನ್ನೂರು ವರ್ಷಗಳಲ್ಲೂ ತಂಟೆ ಇಲ್ಲದಿರಲಿಲ್ಲ. 1773ರಲ್ಲಿ ಎರಡನೆಯ ಡ್ಯೂಕ್ ಮಕ್ಕಳಿಲ್ಲದೆ ತೀರಿಕೊಂಡಾಗ ಜೀವಿತಾವಧಿಯ ಅನುಭೋಗವನ್ನು ಪತ್ನಿ ಎಲಿಜಬೆತ್ ಚಡ್ಲಿಗೆ ಬರೆದಿಟ್ಟಿದ್ದ. ಆಕೆಗೆ ಮೊದಲೇ ಬೇರೊಬ್ಬನೊಡನೆ ಮದುವೆಯಾಗಿತ್ತೆಂದು ಡ್ಯೂಕನ ಸೋದರಳಿಯನ ಕಡೆಯವರು ದೂರಿದರು. 1776ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ನಡೆದ ವಿಚಾರಣೆ ಆಕೆಯನ್ನು ತಪ್ಪಿತಸ್ಥೆಯೆಂದು ಸಾರಿತು. ಆದರೂ ಉಯಿಲು ಬೀಳಲಿಲ್ಲ. 1788ರಲ್ಲಿ ಆಕೆ ಸಾಯುವ ತನಕ ಸೋದರಳಿಯ ಚಾರ್ಲ್ಸ್ ಮೆಡೋಸ್ ಕಾಯಬೇಕಾಯಿತು. ಆಮೇಲೆ ಪಿಯರ್‌ಪಾಂಟ್ ಹೆಸರನ್ನೇ ಇಟ್ಟುಕೊಂಡ ಆತ 1806ರಲ್ಲಿ ಅರ್ಲ್ ಮ್ಯಾನ್ವರ್ಸ್ ಎನಿಸಿಕೊಂಡ.

ಬೇಲಿ ಬಾರದ ಬಯಲು

ಈ ಎಲ್ಲ ಒಡೆಯರ ಕೆಳಗೆ ಬೇಸಾಯ ನಡೆಯುತ್ತಿದ್ದ ಬಗೆ ಯಾವುದು? ಊರಿನ ಸುತ್ತ ವಿಶಾಲವಾದ ಬಯಲುಗಳು. ಅವುಗಳಲ್ಲಿ ಬೇಲಿ, ಬದು ಇಲ್ಲ. ಪ್ರತಿಯೊಂದು ಬಯಲನ್ನೂ ಉದ್ದನೆಯ ಪಟ್ಟಿಗಳಾಗಿ ಹಂಚಲಾಗಿದೆ. ಒಬ್ಬ ರೈತನ ಪಟ್ಟಿಗಳು ಒಂದೆಡೆ ಇರದೆ ಎಲ್ಲ ಬಯಲುಗಳಲ್ಲೂ ಚದುರಿವೆ. ಒಳ್ಳೆಯ ನೆಲವೂ ಕೆಟ್ಟ ನೆಲವೂ ಎಲ್ಲರಿಗೂ ಸಲ್ಲಬೇಕೆಂಬ ನ್ಯಾಯ ಅದರಲ್ಲಿದೆ. ವರ್ಷಕ್ಕೊಂದು ಬಯಲಿನಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ, ಅವರೆ ಜಾತಿಯ ಕಾಳು, ಮೂರನೆಯದು ಬೀಳು. ಬೀಳಿನಲ್ಲೂ ಕೊಯ್ಲಾದ ಹೊಲದಲ್ಲೂ ಊರ ದನಕುರಿ ಮೇಯಬಹುದು. ಎಲ್ಲರೂ ಒಂದೇ ಬೆಳೆ ಬೆಳೆಯಬೇಕು, ಒಂದೇ ಹೊತ್ತಿಗೆ ಕೊಯ್ಯಬೇಕು. ಆದ್ದರಿಂದ ಹಕ್ಕು ಒಬ್ಬೊಬ್ಬರದಾದರೂ ಕಟ್ಟಳೆ ಎಲ್ಲರದು.

ಇಂಗ್ಲೆಂಡಿನ ಬಹುಭಾಗದಲ್ಲಿ ಹೀಗಿದ್ದ ಬೇಸಾಯವನ್ನು ಅಳಿಸಿದ್ದು ‘ಎನ್‌ಕ್ಲೋಷರ್’, ಅಂದರೆ ಬಯಲಿಗೆ ಬೇಲಿ ಹಾಕಿ ಖಾಸಗಿ ಹೊಲ ಮಾಡುವ ಕ್ರಮ. 1604ರಿಂದ 1914ರವರೆಗೆ ಪಾರ್ಲಿಮೆಂಟು ಇದಕ್ಕಾಗಿ 5,200ಕ್ಕೂ ಹೆಚ್ಚು ಮಸೂದೆಗಳನ್ನು ಅಂಗೀಕರಿಸಿತು. ಸುಮಾರು 68 ಲಕ್ಷ ಎಕರೆ, ಎಂದರೆ ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲ, ಹೀಗೆ ಬೇಲಿಯೊಳಗಾಯಿತು. ಒಪ್ಪಿಗೆಯನ್ನು ತಲೆ ಎಣಿಸಿ ಪಡೆಯುತ್ತಿರಲಿಲ್ಲ, ನೆಲ ಎಣಿಸಿ ಪಡೆಯುತ್ತಿದ್ದರು. ಬಹುಪಾಲು ನೆಲ ಇದ್ದವರು ಹೂಂ ಎಂದರೆ ಸಾಕು, ಉಳಿದವರ ಮಾತು ನಡೆಯುತ್ತಿರಲಿಲ್ಲ. ಆಯುಕ್ತರು ಬಂದು ಪಟ್ಟಿಗಳನ್ನು ಕೂಡಿಸಿ ಒಬ್ಬೊಬ್ಬರಿಗೂ ಒಂದೇ ಕಡೆ ಹೊಲ ಗೊತ್ತುಮಾಡುತ್ತಿದ್ದರು. ಇಳುವರಿ ಹೆಚ್ಚಿಸಿಕೊಳ್ಳಲು, ಹೊಸ ಬೆಳೆ ಪ್ರಯತ್ನಿಸಲು ದೊಡ್ಡ ರೈತರಿಗೆ ಇದರಿಂದ ಅನುಕೂಲವಾಯಿತು. ಆದರೆ ಬೇಲಿಯ ಖರ್ಚು, ವಕೀಲರ ಖರ್ಚು ಹೊರಲಾರದೆ ಎಷ್ಟೋ ಸಣ್ಣ ಹಿಡುವಳಿದಾರರು ತಮ್ಮ ಪಾಲನ್ನು ಮಾರಿಕೊಂಡರು. ಒಂದು ಹಸು ಮೇಯಿಸುವ ರೂಢಿಯೊಂದೇ ಆಸ್ತಿಯಾಗಿದ್ದ ಬಡವನಿಗೆ ಕಾಗದದ ಮೇಲೆ ಹಕ್ಕಿರಲಿಲ್ಲ. ಹಾಗಾಗಿ ಪರಿಹಾರವೂ ಇಲ್ಲ. ಅವನು ಕೂಲಿಯಾದ, ಇಲ್ಲವೆ ಊರು ಬಿಟ್ಟ.

ಲ್ಯಾಕ್ಸ್‌ಟನ್‌ನಲ್ಲೂ ಅಂಚಿನ ನೆಲಗಳಿಗೆ ಕ್ರಮೇಣ ಬೇಲಿ ಬಂತು. ಆದರೆ ನಡುವಿನ ಬಯಲುಗಳು ಉಳಿದುಕೊಂಡವು. ಊರಿನಲ್ಲಿ ಮ್ಯಾನ್ವರ್ಸ್ ಒಬ್ಬನೇ ಅಲ್ಲದೆ ಅರ್ಲ್ ಆಫ್ ಸ್ಕಾರ್‌ಬರೋ ಕೂಡ ದೊಡ್ಡ ಭೂಮಾಲೀಕನಾಗಿದ್ದ. ಸ್ವಂತ ಹೊಲವಿದ್ದ ಸಣ್ಣ ರೈತರೂ ಇದ್ದರು. ಇಷ್ಟು ಜನರನ್ನು ಒಂದು ಮಾತಿಗೆ ತರುವುದು ಸುಲಭವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮ್ಯಾನ್ವರ್ಸ್ ಆಡಳಿತ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿತೇ ಹೊರತು ಬಯಲನ್ನು ಕೆಡಿಸಲಿಲ್ಲ. ಸೌತ್ ಫೀಲ್ಡ್, ಮಿಲ್ ಫೀಲ್ಡ್, ವೆಸ್ಟ್ ಫೀಲ್ಡ್ ಎಂಬ ಮೂರು ಬಯಲುಗಳು ಇಂದೂ ಇವೆ. ಮೂರೂ ಸೇರಿ ಐನೂರು ಎಕರೆಗೆ ತುಸು ಕಡಿಮೆ.

ಸರ್ಕಾರ ಕೊಂಡಿತು, ಸರ್ಕಾರ ಮಾರಿತು

1894ರಲ್ಲಿ ಬಂದ ಮರಣ ತೆರಿಗೆ, ಆಮೇಲಿನ ಎರಡು ಮಹಾಯುದ್ಧಗಳು ಇಂಗ್ಲೆಂಡಿನ ದೊಡ್ಡ ಜಮೀನ್ದಾರಿಗಳನ್ನು ಅಲುಗಿಸಿದವು. ಒಡೆಯ ಸತ್ತಾಗಲೆಲ್ಲ ತೆರಿಗೆ ಕಟ್ಟಲು ಆಸ್ತಿ ಮಾರುವುದು ರೂಢಿಯಾಯಿತು. ಹಳ್ಳಿಗಳು ತುಂಡುತುಂಡಾಗಿ ಹರಾಜಾದವು. ಆರನೆಯ ಅರ್ಲ್ ಮ್ಯಾನ್ವರ್ಸ್‌ನ ಮುಂದೆಯೂ ಅದೇ ದಾರಿಯಿತ್ತು. ಬಿಡಿಬಿಡಿಯಾಗಿ ಮಾರಿದ್ದರೆ ಮೂರು ಬಯಲಿನ ಬೇಸಾಯ ಅಂದೇ ಮುಗಿಯುತ್ತಿತ್ತು. 1952ರಲ್ಲಿ ಆತ ತನ್ನ ಆಸ್ತಿಯನ್ನು ಕೃಷಿ ಸಚಿವಾಲಯಕ್ಕೆ ಇಡಿಯಾಗಿ ಮಾರಿದ. ಬಯಲು ಪದ್ಧತಿ ಉಳಿಯಬೇಕೆಂಬುದೇ ಈ ಮಾರಾಟದ ಉದ್ದೇಶ. 1948ರ ಗೇಣಿ ಕಾನೂನು ಒಕ್ಕಲುಗಳಿಗೆ ಭದ್ರತೆ ಕೊಟ್ಟಿದ್ದರಿಂದ ಒಡೆಯ ಬದಲಾದರೂ ಉಳುವವರು ಎದ್ದುಹೋಗಬೇಕಾಗಲಿಲ್ಲ. 1955ರಲ್ಲಿ ಅರ್ಲ್ ತೀರಿಕೊಂಡಾಗ ಗಂಡು ಸಂತಾನವಿಲ್ಲದೆ ಬಿರುದೂ ಅಳಿಯಿತು.

1981ರಲ್ಲಿ ಸಚಿವಾಲಯದ ಕೈಯಿಂದ ಹಳ್ಳಿ ‘ಕ್ರೌನ್ ಎಸ್ಟೇಟ್’ಗೆ ಹೋಯಿತು. ಇದು ದೊರೆಯ ಸ್ವಂತ ಆಸ್ತಿಯೂ ಅಲ್ಲ, ಸರ್ಕಾರದ ಇಲಾಖೆಯೂ ಅಲ್ಲ. ಸಿಂಹಾಸನಕ್ಕೆ ಸೇರಿದ ನೆಲವನ್ನು ನೋಡಿಕೊಂಡು ಲಾಭವನ್ನು ಬೊಕ್ಕಸಕ್ಕೆ ಕಟ್ಟುವ ಸಂಸ್ಥೆ. 1066ರ ತತ್ವ ಒಂದು ಸುತ್ತು ಬಂದು ಮತ್ತೆ ಅಲ್ಲಿಗೇ ತಲುಪಿದಂತಾಯಿತು. ಆದರೆ ಲಾಭ ನೋಡಬೇಕಾದ ಸಂಸ್ಥೆಗೆ ಹಳೆಯ ಪದ್ಧತಿಯ ಹೊಲಗಳಿಂದ ಏನು ಗಿಟ್ಟೀತು? ಅದು ಹಳ್ಳಿಯನ್ನು ಮಾರಲು ಹೊರಟಾಗ, ಹೊಸ ಒಡೆಯ ಬಯಲನ್ನು ಏನು ಮಾಡುತ್ತಾನೋ ಎಂಬ ಪ್ರಶ್ನೆ ಮತ್ತೆ ಎದ್ದಿತು. 2020ರಲ್ಲಿ ಕೊಂಡದ್ದು ನೆರೆಯ ಥೋರ್ಸ್‌ಬಿ ಎಸ್ಟೇಟ್, ಅಂದರೆ ಪಿಯರ್‌ಪಾಂಟ್ ವಂಶಸ್ಥರ ಆಸ್ತಿ. ಕೈಬಿಟ್ಟ ಹಳ್ಳಿ ಅರವತ್ತೆಂಟು ವರ್ಷಗಳ ನಂತರ ಹಳೆಯ ಮನೆತನದವರಿಗೇ ಮರಳಿತು.

ಊರಿನ ತೀರ್ಪು

ಇಷ್ಟೆಲ್ಲ ಕ್ರಯವಿಕ್ರಯಗಳ ನಡುವೆಯೂ ಒಂದು ಸಂಸ್ಥೆ ತಪ್ಪದೆ ನಡೆದುಬಂದಿದೆ. ಅದೇ ‘ಕೋರ್ಟ್ ಲೀಟ್’ ಎಂಬ ಊರ ನ್ಯಾಯಸಭೆ. ಚಳಿಗಾಲದ ಆರಂಭದಲ್ಲಿ ರೈತರೇ ಇರುವ ಪಂಚರ ತಂಡ ಗೋಧಿ ಬಿತ್ತಿದ ಬಯಲನ್ನು ಸುತ್ತುತ್ತದೆ. ಯಾರಾದರೂ ಪಕ್ಕದವನ ಪಟ್ಟಿಗೋ ಸಾರ್ವಜನಿಕ ದಾರಿಗೋ ನೇಗಿಲು ಹಾಯಿಸಿದ್ದಾರೆಯೆ ಎಂದು ನೋಡಿ ಗಡಿಗೆ ಗೂಟ ಹೊಡೆಯುತ್ತದೆ. ಮುಂದಿನ ವಾರ ಊರಿನ ಡವ್‌ಕೋಟ್ ಪಾನಗೃಹದಲ್ಲಿ ಸಭೆ ಸೇರಿ ತಪ್ಪಿದವರಿಗೆ ಸಣ್ಣ ದಂಡ ಹಾಕುತ್ತದೆ. 1977ರಲ್ಲಿ ಪಾರ್ಲಿಮೆಂಟು ಇಂಥ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ರದ್ದುಮಾಡಿದಾಗ ಲ್ಯಾಕ್ಸ್‌ಟನ್‌ನ ಸಭೆಗೆ ಮಾತ್ರ ವಿನಾಯಿತಿ ಕೊಟ್ಟಿತು.

ಆದರೆ ಕಾನೂನಿನ ಬಲವೊಂದೇ ಇದನ್ನು ಉಳಿಸೀತೆ? ದಂಡದ ಮೊತ್ತ ಅಲ್ಪ. ಅದಕ್ಕೆ ಹೆದರಿ ಯಾರೂ ನೇಗಿಲು ತಿರುಗಿಸುವುದಿಲ್ಲ. ನೆರೆಯವನ ಮುಂದೆ ತಪ್ಪಿತಸ್ಥನಾಗಿ ನಿಲ್ಲಬೇಕಲ್ಲ ಎಂಬ ಸಂಕೋಚವೇ ಅಲ್ಲಿ ದೊಡ್ಡ ಶಿಕ್ಷೆ. ಉಳುವ ಮನೆಗಳು ಕಡಿಮೆಯಾಗುತ್ತಾ ಬಂದಿರುವ ಈ ದಿನಗಳಲ್ಲಿ ಲ್ಯಾಕ್ಸ್‌ಟನ್‌ನ ನಿಜವಾದ ಆತಂಕ ಒಡೆಯ ಯಾರೆಂಬುದಲ್ಲ, ಉಳುವವರು ಯಾರು ಎಂಬುದು. ಕ್ರಯಪತ್ರದಲ್ಲಿ ನೆಲದ ಚಕ್ಕುಬಂದಿ ಬರೆಯಬಹುದು, ಬೆಲೆ ಕಾಣಿಸಬಹುದು. ಆ ನೆಲದ ಮೇಲೆ ಜನ ಪರಸ್ಪರ ಒಪ್ಪಿ ನಡೆಸಿಕೊಂಡು ಬಂದ ಕಟ್ಟಳೆಯನ್ನು ಮಾತ್ರ ಯಾರೂ ಬರೆದುಕೊಡಲಾರರು, ಕೊಳ್ಳಲೂ ಆರರು. ಅದನ್ನು ಪ್ರತಿ ವರ್ಷವೂ ಬಯಲಿಗೆ ನಡೆದುಹೋಗಿ, ಗೂಟ ಹೊಡೆದು, ಊರವರೇ ಉಳಿಸಿಕೊಳ್ಳಬೇಕು.